ಒಂದೇ ಬದನೆ ಮಾರುವ ಅಂಗಡಿಗೆ ನೂರು ಬದನೆಯ ಋಣ



ಬದನೆಕಾಯಿಗೂ ಕಾರ್ಮಿಕ ಸಂಘಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಳ, ಬೋನಸು, ರಜೆ, ಭವಿಷ್ಯನಿಧಿಗಳ ಮಾತು ಬಿಟ್ಟು ಗಿಡ, ಬೀಜ, ದುಂಬಿಗಳ ಮಾತು ಈ ಪತ್ರಿಕೆಗೆ ಏಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ನೇರವಾಗಿರಲಿ. ಹೋಟೆಲಿನ ಒಲೆಯ ಮುಂದೆ ಬೆಂದವರು ನಾವು. ಮಗ್ಗದ ಮುಂದೆ ನಿಂತು ಹತ್ತಿಯ ಧೂಳು ಕುಡಿದವರೂ ನಮ್ಮವರೇ. ನಾವು ಹೆಚ್ಚುವ ಕಾಯಿ, ನೂಲುವ ಹತ್ತಿ ಎರಡೂ ಹೊಲದಿಂದ ಬಂದವು. ಆ ಹೊಲದಲ್ಲಿ ದುಡಿಯುವವರು ನಮ್ಮ ಅಣ್ಣಂದಿರು, ಅತ್ತಿಗೆಯಂದಿರು. ನಾವು ಊರು ಬಿಟ್ಟು ಮದರಾಸಿನ ರೈಲು ಹತ್ತಿದಾಗ ಅವರು ಬಿತ್ತುತ್ತಿದ್ದದ್ದು ಏನು, ಇಂದು ಬಿತ್ತುತ್ತಿರುವುದು ಏನು, ಬದಲಿಸಿದವರು ಯಾರು? ಇದು ನಮ್ಮ ಪ್ರಶ್ನೆಯಲ್ಲದೆ ಇನ್ನು ಯಾರ ಪ್ರಶ್ನೆ?

ನಾವು ಹೇಳುವುದು ಒಂದೇ ಮಾತು. ದೊಡ್ಡ ಅಂಗಡಿಯ ವ್ಯಾಪಾರ ನಿಂತಿರುವುದು ನೂರು ತಳಿಗಳ ಬಲದ ಮೇಲೆ. ಆದರೆ ಅದು ಕೊಳ್ಳುವುದು ಒಂದೇ ತಳಿ. ಉಳಿದ ತೊಂಬತ್ತೊಂಬತ್ತನ್ನು ಕಾಯುವವರಿಗೆ ಅದು ಕಾಸು ಕೂಲಿ ಕೊಡುವುದಿಲ್ಲ. ಕೂಲಿ ಕೊಡದೆ ದುಡಿಸಿಕೊಳ್ಳುವ ಈ ವಿದ್ಯೆ ನಮಗೆ ಹೊಸದಲ್ಲ. ಅದು ಹೊಲಕ್ಕೆ ಕಾಲಿಟ್ಟಿದೆ ಎಂಬುದನ್ನು ಗುರುತಿಸಬೇಕಾಗಿದೆ, ಅಷ್ಟೆ.

ಒಂದು ವರ್ಷ, ನಾಲ್ಕು ಸಂಗತಿ

೧೯೯೬ನೆಯ ಇಸವಿಯನ್ನು ಹಿರಿಯರು ನೆನೆಯಲಿ. ಆ ವರ್ಷ ಮದರಾಸು ಚೆನ್ನೈ ಆಯಿತು. ಅದೇ ವರ್ಷ ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳು ಕೊನೆಯ ಬಾರಿ ಬಾಗಿಲು ಹಾಕಿದವು. ೧೯೧೮ರಲ್ಲಿ ಮದರಾಸ್ ಲೇಬರ್ ಯೂನಿಯನ್ ಎಂಬ ಸಂಘ ಹುಟ್ಟಿದ್ದು ಆ ಗಿರಣಿಗಳ ಕಾರ್ಮಿಕರಿಂದ. ಅದೇ ವರ್ಷ ಕೊತ್ತವಾಲ್ ಚಾವಡಿಯ ಸಗಟು ತರಕಾರಿ ಪೇಟೆ ಎದ್ದು ಕೋಯಂಬೇಡಿಗೆ ಹೋಯಿತು. ಅದೇ ವರ್ಷ ರಾಜಾ ಅಣ್ಣಾಮಲೈಪುರದಲ್ಲಿ ತಣ್ಣನೆ ಗಾಳಿಯ, ಕೈಗಾಡಿ ತಳ್ಳಿಕೊಂಡು ತಾವೇ ಆರಿಸಿ ಕೊಳ್ಳುವ, ಕಂಪೆನಿಯ ಸರಣಿ ದಿನಸಿ ಅಂಗಡಿ ತೆರೆಯಿತು. ಗಿರಣಿ ಹೋಯಿತು, ಅಂಗಡಿ ಬಂತು. ಸರಕು ಮಾಡುವವನ ಕಾಲ ಮುಗಿದು ಸರಕು ಮಾರುವವನ ಕಾಲ ಶುರುವಾದ ವರ್ಷ ಅದು ಎಂದರೆ ಅತಿಶಯೋಕ್ತಿಯಾಗಲಾರದು.

ಕೋಯಂಬೇಡು ಧರ್ಮಛತ್ರವೇನೂ ಅಲ್ಲ. ಅಲ್ಲಿನ ಮಂಡಿ ದಲ್ಲಾಳಿಯ ಕಮಿಷನ್, ಮೂಟೆ ಹೊರುವವರ ಬೆನ್ನು, ೨೦೨೦ರ ಮೇ ತಿಂಗಳ ಕೊರೋನಾ ಕಾಲದಲ್ಲಿ ಪೇಟೆ ಮುಚ್ಚಿದಾಗ ಅವರು ಪಟ್ಟ ಪಾಡು, ಇವೆಲ್ಲ ನಮಗೆ ಗೊತ್ತು. ಆದರೂ ಮಂಡಿಯಲ್ಲಿ ಒಂದು ಗುಣವಿದೆ. ಅಲ್ಲಿ ಎಲ್ಲಕ್ಕೂ ಒಬ್ಬ ಗಿರಾಕಿ ಸಿಗುತ್ತಾನೆ. ದಪ್ಪ ಬದನೆ ಎಣ್ಣೆಗಾಯಿಗೆ, ಎಳೆಯದು ಮನೆಗೆ, ಸೊಟ್ಟಗಿದ್ದದ್ದು ಹುಳಿಗೆ. ಸಂಜೆ ಉಳಿದದ್ದು ಅರ್ಧ ಬೆಲೆಗೆ ತಳ್ಳುಗಾಡಿಯವಳಿಗೆ. ಹೋಟೆಲಿನ ಉಗ್ರಾಣ ನೋಡಿಕೊಂಡವರನ್ನು ಕೇಳಿ: ಹುಳಿಗೆ ಹೋಗುವ ಕಾಯಿ ಸೊಟ್ಟಗಿದ್ದರೆ ಹುಳಿಯೇನು ಸೊಟ್ಟಗಾಗುತ್ತದೆಯೇ?

ದೊಡ್ಡ ಅಂಗಡಿಯ ನಡತೆ ಬೇರೆ. ಹೊಸೂರು, ಕೋಲಾರದ ಕಡೆಯ ಹಳ್ಳಿಗಳಲ್ಲಿ ಅದರ ಸಂಗ್ರಹ ಕೇಂದ್ರಗಳಿವೆ. ಅಲ್ಲಿ ಕಾಯಿಯನ್ನು ಗಾತ್ರ, ಬಣ್ಣ, ಹೊಳಪು ನೋಡಿ ಆರಿಸುತ್ತಾರೆ. ಸರಿಯಾದದ್ದು ಮೊದಲನೆಯ ದರ್ಜೆ. ಉಳಿದದ್ದನ್ನು ರೈತ ತನ್ನ ಖರ್ಚಿನಲ್ಲಿ ವಾಪಸು ಒಯ್ಯಬೇಕು. ಎರಡು ಸಲ ವಾಪಸು ಒಯ್ದ ರೈತ ಮೂರನೆಯ ಸಲ ಏನು ಮಾಡುತ್ತಾನೆ? ಎಲ್ಲ ಕಾಯಿಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುವ ಹೈಬ್ರಿಡ್ ಬೀಜದ ಪೊಟ್ಟಣ ತರುತ್ತಾನೆ. ಲಾರಿಯಲ್ಲಿ ಮುನ್ನೂರು ಮೈಲಿ ಕುಲುಕಿದರೂ ಒಡೆಯದ ದಪ್ಪ ಸಿಪ್ಪೆಯ ಟೊಮೇಟೊ ಬಿತ್ತುತ್ತಾನೆ. ಹೈಬ್ರಿಡ್ ಗಿಡದಿಂದ ತೆಗೆದ ಬೀಜ ಮರುವರ್ಷ ಅದೇ ಗುಣ ಕೊಡುವುದಿಲ್ಲ. ಆದ್ದರಿಂದ ವರ್ಷವರ್ಷವೂ ಪೊಟ್ಟಣ ಕೊಳ್ಳಬೇಕು. ಅತ್ತೆ ಸೊಸೆಗೆ ಒಪ್ಪಿಸಿದ ಬೂದಿ ಹಚ್ಚಿದ ಬೀಜ ಅಟ್ಟದ ಮೇಲಿನ ಗಡಿಗೆಯಲ್ಲಿ ಮೂರು ನಾಲ್ಕು ವರ್ಷ ಇದ್ದು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗೆ ಒಂದು ತಳಿ ಸಾಯುತ್ತದೆ. ಕೊಲೆಯ ದೂರು ಇಲ್ಲ, ಪಂಚನಾಮೆ ಇಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ.

ಜಗತ್ತಿನ ಲೆಕ್ಕವೂ ಹೀಗೆಯೇ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ೨೦೧೯ರಲ್ಲಿ ಹೊರತಂದ ವರದಿಯ ಪ್ರಕಾರ ಮನುಷ್ಯರು ಆಹಾರಕ್ಕಾಗಿ ಬೆಳೆಸಿದ ಸಸ್ಯಜಾತಿಗಳು ಸುಮಾರು ೬,೦೦೦. ಅವುಗಳಲ್ಲಿ ಇಂದು ಗಣನೆಗೆ ಬರುವಷ್ಟು ಆಹಾರ ಕೊಡುವವು ೨೦೦ಕ್ಕಿಂತ ಕಡಿಮೆ. ಒಟ್ಟು ಬೆಳೆಯ ಮೂರರಲ್ಲಿ ಎರಡು ಪಾಲು ಬರುವುದು ಕೇವಲ ಒಂಬತ್ತು ಬೆಳೆಗಳಿಂದ. ಒಂಬತ್ತು ಕಂಬದ ಮೇಲೆ ಇಡೀ ಲೋಕದ ಚಪ್ಪರ ನಿಂತಿದೆ!

ಒಂದನ್ನು ಕಾಪಾಡಿದ್ದು ಯಾವುದು?

ಇನ್ನು ಅಂಗಡಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ನೋಡೋಣ. ಅಕ್ಕಿಯ ಕಥೆ ಮೊದಲು ಬರಲಿ. ನಮ್ಮ ಅರ್ಧ ಜೀವಮಾನ ಅಕ್ಕಿ ನೆನೆಹಾಕಿ ರುಬ್ಬುವುದರಲ್ಲೇ ಕಳೆದಿದೆಯಲ್ಲ!

೧೯೬೬ರಲ್ಲಿ ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಿಂದ ಐಆರ್ ೮ ಎಂಬ ತಳಿ ಬಂತು. ಗಿಡ ಗಿಡ್ಡ, ತೆನೆ ಭಾರ. ದೇಶದಲ್ಲಿ ಧಾನ್ಯಕ್ಕೆ ಹಾಹಾಕಾರವಿದ್ದ ಕಾಲ ಅದು. ಆ ತಳಿಯನ್ನು ನಾವು ಜರೆಯುವುದಿಲ್ಲ. ಅದು ಹೊಟ್ಟೆ ತುಂಬಿಸಿತು. ಆದರೆ ಅದು ಆಕಾಶದಿಂದ ಉದುರಿದ್ದಲ್ಲ. ಇಂಡೋನೇಷ್ಯದ ಒಂದು ಎತ್ತರದ ತಳಿ, ತೈವಾನಿನ ಒಂದು ಗಿಡ್ಡ ತಳಿ, ಇವೆರಡೂ ಅದರ ತಾಯಿ ತಂದೆ. ಆ ಎರಡನ್ನೂ ಯಾರೋ ರೈತರು ಕಾಪಾಡಿಕೊಂಡು ಬಂದಿದ್ದರಿಂದ ವಿಜ್ಞಾನಿಗೆ ಅವು ದೊರೆತವು.

ಮುಂದೆ ಏನಾಯಿತು? ೧೯೭೦ರ ದಶಕದಲ್ಲಿ ಜಿಗಿಹುಳು ಹೊತ್ತು ತರುವ ಒಂದು ನಂಜುರೋಗ ಏಷ್ಯದ ಭತ್ತಕ್ಕೆ ತಗುಲಿತು. ಪೈರು ಹುಲ್ಲಿನ ಹಾಗೆ ಮೊಂಡಾಗಿ ಬಿಡುತ್ತಿತ್ತು, ತೆನೆಯಿಲ್ಲ. ಎಲ್ಲೆಲ್ಲೂ ಒಂದೇ ಬಗೆಯ ಪೈರು ಇದ್ದುದರಿಂದ ರೋಗಕ್ಕೆ ಹಾದಿ ಸುಲಭವಾಯಿತು. ವಿಜ್ಞಾನಿಗಳು ಸಂಗ್ರಹದಲ್ಲಿದ್ದ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದರು. ರೋಗವನ್ನು ತಡೆಯುವ ಶಕ್ತಿ ಸಿಕ್ಕಿದ್ದು ನಮ್ಮ ಉತ್ತರ ಪ್ರದೇಶದಿಂದ ಹೋಗಿದ್ದ ಒಂದು ಕಾಡುಭತ್ತದಲ್ಲಿ. ಅದರ ಗುಣವನ್ನು ಸೇರಿಸಿ ತೆಗೆದ ತಳಿಗಳಲ್ಲಿ ೧೯೭೬ರ ಐಆರ್ ೩೬ ಒಂದು; ಅದು ಮುಂದೆ ಲಕ್ಷಾಂತರ ಎಕರೆಯಲ್ಲಿ ಬೆಳೆಯಿತು. ಯಾರೂ ಕೊಳ್ಳದ, ಯಾವ ಅಂಗಡಿಯಲ್ಲೂ ಮಾರದ ಕಾಡುಭತ್ತ ಜಗತ್ತಿನ ಅಕ್ಕಿ ವ್ಯಾಪಾರವನ್ನೇ ಉಳಿಸಿತು. ಅದಕ್ಕೆ ಯಾವ ವ್ಯಾಪಾರಿ ಎಷ್ಟು ಕೊಟ್ಟ?

ಬಾಳೆಯ ಕಥೆಯೂ ಇದೇ. ಹೊರದೇಶಗಳ ಹಣ್ಣಿನ ಕಂಪೆನಿಗಳು ಗ್ರೋ ಮಿಷೆಲ್ ಎಂಬ ಒಂದೇ ಬಾಳೆಯನ್ನು ದೇಶದೇಶಗಳಲ್ಲಿ ನೆಟ್ಟವು. ಪನಾಮಾ ಸೊರಗುರೋಗ ಬಂದು ೧೯೬೦ರ ದಶಕದ ಹೊತ್ತಿಗೆ ಆ ವ್ಯಾಪಾರ ನೆಲಕಚ್ಚಿತು. ಕಂಪೆನಿಗಳು ಕ್ಯಾವೆಂಡಿಷ್ ಎಂಬ ಬೇರೆ ಬಾಳೆಯನ್ನು ಹಿಡಿದು ಬದುಕಿಕೊಂಡವು. ಇಂದು ದೊಡ್ಡ ಅಂಗಡಿಯಲ್ಲಿ ಸಾಲಾಗಿ ತೂಗುವ ರೊಬಸ್ಟಾ, ಜಿ ೯ ಬಾಳೆಗಳು ಅದೇ ಕುಲದವು. ಈಗ ಆ ಕುಲವನ್ನೇ ಹಿಡಿಯುವ ಹೊಸ ಸೊರಗುರೋಗ ಬಂದು, ಕಳೆದ ದಶಕದಲ್ಲಿ ಬಿಹಾರ, ಉತ್ತರ ಪ್ರದೇಶಗಳ ತೋಟಗಳಲ್ಲಿ ಕಾಣಿಸಿಕೊಂಡಿದೆ. ಮುಂದೆ ಏನನ್ನು ಹಿಡಿದು ಬದುಕುತ್ತಾರೆ? ನಮ್ಮ ಪುಟ್ಟಬಾಳೆ, ಬೂದುಬಾಳೆ, ನೇಂದ್ರ. ತಮಿಳರ ಪೂವನ್, ಪಳನಿ ಬೆಟ್ಟದ ವಿರೂಪಾಕ್ಷಿ. ತಿರುಚಿನಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರದ ತೋಟದಲ್ಲಿ ಕಾದಿಟ್ಟ ನೂರಾರು ತಳಿಗಳು. ಕೆಲವು ಒಂದು ರೋಗಕ್ಕೆ ಸೋಲುತ್ತವೆ, ಕೆಲವು ಗೆಲ್ಲುತ್ತವೆ. ನಮ್ಮ ನಂಜನಗೂಡು ರಸಬಾಳೆಯೂ ಸೊರಗುರೋಗದಿಂದಲೇ ನವೆದು ಹೋಗಿದೆ. ಯಾವುದು ಯಾವಾಗ ಕೈ ಹಿಡಿಯುವುದೋ ಮೊದಲೇ ಹೇಳಲು ಬಾರದು. ಅದಕ್ಕೇ ಎಲ್ಲವೂ ಇರಬೇಕು.

ಇನ್ನು ದುಂಬಿ. ಬದನೆಯ ಹೂವು, ಟೊಮೇಟೊ ಹೂವು ವಿಚಿತ್ರ ರೀತಿಯವು. ಅವುಗಳ ಪರಾಗ ಉಪ್ಪಿನ ಡಬ್ಬಿಯಲ್ಲಿದ್ದಂತೆ ತುದಿಯ ಸಣ್ಣ ರಂಧ್ರದೊಳಗೆ ಅಡಗಿರುತ್ತದೆ. ಹೂವನ್ನು ನಡುಗಿಸಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಮರ ಕೊರೆಯುವ ಕರಿದುಂಬಿ, ಮೈಮೇಲೆ ನೀಲಿ ಪಟ್ಟೆಯ ಕಾಡುಜೇನು ಇವು ಹೂವಿಗೆ ಆತುಕೊಂಡು ಗುಂಯ್ ಎಂದು ಮೈ ನಡುಗಿಸಿ ಪರಾಗ ಉದುರಿಸುತ್ತವೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಬಾರದು. ದುಂಬಿ ಬಾರದಿದ್ದರೂ ಒಂದಷ್ಟು ಕಾಯಿ ಕಚ್ಚಬಹುದು. ಬಂದರೆ ಹೆಚ್ಚು ಕಚ್ಚುತ್ತದೆ, ತುಂಬಿಕೊಳ್ಳುತ್ತದೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ ಮುಕ್ಕಾಲು ಪಾಲು ಇಂಥ ಜೀವಿಗಳನ್ನು ಅಷ್ಟೋ ಇಷ್ಟೋ ನೆಚ್ಚಿವೆ ಎಂದು ೨೦೧೬ರ ಒಂದು ಅಂತರರಾಷ್ಟ್ರೀಯ ವರದಿ ಹೇಳಿತು.

ಈ ದುಂಬಿಗೆ ಅಂಗಡಿ ಮಾಡಿದ್ದೇನು? ಕಾಯಿಯಲ್ಲಿ ಸಾಸಿವೆಯಷ್ಟು ತೂತಿದ್ದರೆ ಇಡೀ ಬುಟ್ಟಿ ತಿರಸ್ಕಾರ. ಬದನೆಗೆ ಕಾಯಿಕೊರಕ ಹುಳುವಿನ ಕಾಟ ಇದ್ದದ್ದೇ. ಆದ್ದರಿಂದ ರೈತ ವಾರಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ಹೆಚ್ಚು, ಔಷಧಿ ಹೊಡೆಯುತ್ತಾನೆ. ಆ ವಿಷಕ್ಕೆ ಹುಳು ಸಾಯುತ್ತದೆ. ಹುಳುವನ್ನು ತಿನ್ನುವ ಕಣಜ ಸಾಯುತ್ತದೆ. ಹೂವಿಗೆ ಬರುವ ದುಂಬಿಯೂ ಸಾಯುತ್ತದೆ. ಹೊಡೆಯುವ ಕೂಲಿಯವನ ಎದೆಗೂ ಇಳಿಯುತ್ತದೆ. ನಾವು ಅಡಿಗೆಮನೆಯಲ್ಲಿ ತೂತಿದ್ದ ಭಾಗವನ್ನು ಕತ್ತಿಯ ತುದಿಯಿಂದ ತೆಗೆದು ಉಳಿದದ್ದನ್ನು ಹೆಚ್ಚುತ್ತೇವೆ. ಅರೆಗಳಿಗೆಯ ಕೆಲಸ. ಆ ಅರೆಗಳಿಗೆಯ ಬದಲು ಹೊಲಕ್ಕೆ ಹೊಲವೇ ವಿಷ!

ಮಟ್ಟುಗುಳ್ಳ ಮತ್ತು ತರಮಣಿಯ ಕಚೇರಿ

ಉಡುಪಿ ಕಡೆಯ ಬಂಧುಗಳಿಗೆ ಮಟ್ಟುಗುಳ್ಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇವೆ. ಕಟಪಾಡಿಯ ಹತ್ತಿರ ಕಡಲ ಮಗ್ಗುಲಿನ ಮಟ್ಟು ಎಂಬ ಊರಿನಲ್ಲಿ, ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆಯುವ ಗುಂಡು ಬದನೆ ಅದು. ಹಸುರು ಮೈ, ಬಿಳಿಯ ಗೆರೆ, ತೊಟ್ಟಿನಲ್ಲಿ ಮುಳ್ಳು, ತೆಳ್ಳನೆ ಸಿಪ್ಪೆ. ಬೋಳು ಹುಳಿಗೆ ಅದರ ಸಮ ಇನ್ನೊಂದಿಲ್ಲ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂಬ ಐತಿಹ್ಯವಿದೆ. ಕೃಷ್ಣಮಠಕ್ಕೆ ಅದು ಕಾಣಿಕೆಯಾಗಿ ಹೋಗುತ್ತದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೂ ಪೇಟೆಯಲ್ಲಿ ಹೋಲಿಕೆಯ ಬೇರೆ ಗುಂಡು ಬದನೆಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದರಿಂದ ಬೆಳೆಗಾರರು ಕಾಯಿಯ ಮೇಲೆ ಚೀಟಿ ಅಂಟಿಸಿ ತಮ್ಮ ಮಾನ ಕಾಯ್ದುಕೊಳ್ಳಬೇಕಾಯಿತು. ಹೆಸರಿನ ಲಾಭ ಮಾರುವವನಿಗೆ, ಹೆಸರು ಕಾಯುವ ಕಷ್ಟ ಬೆಳೆಯುವವನಿಗೆ!

ಈ ಗುಳ್ಳದ ಹೆಸರು ಇನ್ನೊಂದು ದೊಡ್ಡ ವಿವಾದದಲ್ಲಿಯೂ ಬಂತು. ಹುಳು ಕೊಲ್ಲುವ ಗುಣವನ್ನು ಒಳಗೇ ಸೇರಿಸಿದ ಬಿಟಿ ಬದನೆಯನ್ನು ಒಂದು ಬೀಜ ಕಂಪೆನಿ ವಿಶ್ವವಿದ್ಯಾಲಯಗಳ ಜೊತೆಗೂಡಿ ತಯಾರಿಸಿತು. ದೇಶದಲ್ಲೆಲ್ಲ ಪ್ರತಿಭಟನೆಯಾಗಿ, ಬೆಂಗಳೂರು ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿದ ಮೇಲೆ ೨೦೧೦ರ ಫೆಬ್ರವರಿ ೯ರಂದು ಕೇಂದ್ರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಅದೇ ವರ್ಷ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಒಂದು ದೂರು ಕೊಟ್ಟಿತು: ಉಡುಪಿಯ ಗುಳ್ಳ, ಮಲಾಪುರ, ಕುಡಚಿ, ರಬಕವಿಯ ಬದನೆ ಮುಂತಾದ ಕರ್ನಾಟಕದ ತಳಿಗಳನ್ನು ಕಾನೂನಿನ ಒಪ್ಪಿಗೆಯಿಲ್ಲದೆ ಬಳಸಿಕೊಳ್ಳಲಾಗಿದೆ ಎಂಬುದು ಆರೋಪ. ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತಿತು. ಆರೋಪದ ಸತ್ಯಾಸತ್ಯವನ್ನು ನಿರ್ಣಯಿಸುವುದು ಕೋರ್ಟಿನ ಕೆಲಸ. ನಾವು ಹೇಳುವುದಿಷ್ಟೆ: ಹೊಸ ಬದನೆ ಬೇಕಾದಾಗ ಹಳೆಯ ಬದನೆಯ ಬಾಗಿಲಿಗೇ ಬರಬೇಕು. ನೂರು ಹಳ್ಳಿಯ ನೂರು ಬದನೆ ಇಲ್ಲದಿದ್ದರೆ ಕಂಪೆನಿಯ ಪೊಟ್ಟಣವೂ ಇಲ್ಲ, ಅಂಗಡಿಯ ಸಾಲೂ ಇಲ್ಲ.

ಈ ದೂರನ್ನು ಕೇಳಬೇಕಾದ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಇರುವುದು ದೆಹಲಿಯಲ್ಲಲ್ಲ, ನಾವು ದುಡಿಯುವ ಈ ಊರಿನಲ್ಲೇ, ತರಮಣಿಯಲ್ಲಿ. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ೨೦೦೩ರಲ್ಲಿ ಅದು ಸ್ಥಾಪನೆಯಾಯಿತು. ನಾಡಿನ ಗಿಡ, ಬೀಜ, ಜೀವಿಗಳಿಂದ ಹಣ ಮಾಡುವವರು ಅವುಗಳನ್ನು ಕಾಯ್ದ ಜನರಿಗೆ ಒಂದು ಪಾಲು ಕೊಡಬೇಕೆಂಬುದು ಕಾಯಿದೆಯ ಉದ್ದೇಶ. ಒಳ್ಳೆಯ ಉದ್ದೇಶವೇ. ೨೦೧೪ರ ನಿಯಮಾವಳಿಯಲ್ಲಿ ಆ ಪಾಲನ್ನು ಮಾರಾಟದ ಮೇಲೆ ನೂರಕ್ಕೆ ೦.೧ರಿಂದ ೦.೫ ಎಂದು ಗೊತ್ತು ಮಾಡಲಾಗಿತ್ತು. ಸಾವಿರ ರೂಪಾಯಿಗೆ ಒಂದರಿಂದ ಐದು ರೂಪಾಯಿ! ೨೦೨೫ರಲ್ಲಿ ಅದನ್ನು ಬದಲಿಸಿ ಹೊಸ ನಿಯಮಾವಳಿ ಬಂದಿದೆ.

ಇಷ್ಟು ಕೊಡುವುದಕ್ಕೂ ಎಷ್ಟು ಕಿಂಡಿಗಳು ನೋಡಿ. ೨೦೦೯ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ೧೯೦ ಸಸ್ಯಗಳನ್ನು ಸಾಮಾನ್ಯ ವ್ಯಾಪಾರದ ಸರಕು ಎಂದು ಕರೆದು ಕಾಯಿದೆಯ ಹೊರಗಿಟ್ಟಿತು. ೨೦೨೩ರ ತಿದ್ದುಪಡಿಯಲ್ಲಿ ಜೈಲುಶಿಕ್ಷೆಯನ್ನು ತೆಗೆದು ದಂಡ ಮಾತ್ರ ಉಳಿಸಲಾಯಿತು. ಹಸಿವಿನಿಂದ ತೋಟದ ಎರಡು ಬದನೆ ಕಿತ್ತವನಿಗೆ ಜೈಲು ಉಂಟು. ತಳಿಯನ್ನೇ ಕಿತ್ತವನಿಗೆ ಬರಿಯ ದಂಡ. ನ್ಯಾಯದ ತಕ್ಕಡಿ ಯಾರ ಗಲ್ಲಾಪೆಟ್ಟಿಗೆಯ ಮೇಲಿದೆ?

ಅದೇ ತರಮಣಿಯಿಂದ ಕೂಗಳತೆಯಲ್ಲಿ ಪೆರುಂಗುಡಿ. ಅಲ್ಲಿ ಪಳ್ಳಿಕರಣೈ ಜೌಗುನೆಲ. ಅದರ ೧,೨೪೮ ಹೆಕ್ಟೇರು ಪ್ರದೇಶಕ್ಕೆ ೨೦೨೨ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ದೂರದೇಶದ ಹಕ್ಕಿಗಳು ಬಂದಿಳಿಯುವ ಆ ಜೌಗಿನ ಒಂದು ಭಾಗವೇ ದಶಕಗಳ ಕಾಲ ಈ ಊರಿನ ಕಸದ ಗುಡ್ಡ. ಮಾರಾಟವಾಗದೆ ಕೊಳೆತದ್ದು, ಒಂದೊಂದು ಸೇಬಿಗೂ ತೊಡಿಸಿದ ಪ್ಲಾಸ್ಟಿಕ್ ಅಂಗಿ, ತಟ್ಟೆ, ಚೀಲಗಳೆಲ್ಲ ಸೇರಿದ್ದು ಇಂಥ ಗುಡ್ಡಕ್ಕೇ. ಹಳೆಯ ಕಸವನ್ನು ಅಗೆದು ತೆಗೆಯುವ ಕೆಲಸ ಸಾರ್ವಜನಿಕರ ಹಣದಿಂದ ಶುರುವಾಯಿತು. ಲಾಭ ಅಂಗಡಿಯ ಮುಂಬಾಗಿಲಲ್ಲಿ, ಕಸ ಹಿಂಬಾಗಿಲಲ್ಲಿ, ಖರ್ಚು ನಮ್ಮ ತಲೆಯ ಮೇಲೆ.

ಗಿರಣಿಯ ಬಂಧುಗಳಿಗೆ

ಹತ್ತಿಯಲ್ಲಿ ಇದೇ ನಾಟಕ ಬದನೆಗಿಂತ ಮೊದಲೇ ನಡೆದುಹೋಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಬೆಳೆಯುತ್ತಿದ್ದುದು ಬಹುಪಾಲು ದೇಶೀ ಹತ್ತಿ. ತಮಿಳುನಾಡಿನಲ್ಲಿ ಕರುಂಗಣ್ಣಿ, ಧಾರವಾಡದ ಕಡೆ ಮುಂದೆ ಹೆಸರಾದ ಜಯಧರವೂ ಆ ಕುಲದ್ದೇ. ಮಳೆ ಹೆಚ್ಚು ಕಮ್ಮಿಯಾದರೂ ತಡೆಯುವ ಗಿಡಗಳು. ಯಂತ್ರಕ್ಕೆ ಉದ್ದ ಎಳೆ ಬೇಕು, ಎಲ್ಲ ಎಳೆಯೂ ಒಂದೇ ಅಳತೆಯಲ್ಲಿರಬೇಕು ಎಂದು ಅಮೇರಿಕದ ಕುಲದ ಹತ್ತಿಯನ್ನು ಹರಡಿದರು. ೨೦೦೨ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮುಂದೆ ಹತ್ತಿಯ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದರದೇ ಆಯಿತು. ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು. ೨೦೧೫ರಲ್ಲಿ ಪಂಜಾಬಿನಲ್ಲಿ ಬಿಳಿನೊಣ ಬಿದ್ದು ಹೊಲಗಳು ಬರಿದಾದವು. ಆ ನೊಣ ಹರಡುವ ಎಲೆಮುದುಡು ರೋಗ ದೇಶೀ ಹತ್ತಿಯ ಗಿಡಕ್ಕೆ ತಗುಲುವುದಿಲ್ಲ. ಆದರೆ ಅದರ ಬೀಜ ಎಷ್ಟು ರೈತರ ಮನೆಯಲ್ಲಿ ಉಳಿದಿತ್ತು?

ತ್ಯಾಗರಾಯನಗರದ ಬಟ್ಟೆ ಅಂಗಡಿಗಳಲ್ಲಿ ಸಾವಿರ ಬಣ್ಣದ ಸೀರೆಗಳಿವೆ. ಬಣ್ಣ ಸಾವಿರ, ಹತ್ತಿ ಒಂದೇ. ಬೇರೆ ಬೇರೆ ಎಂದು ತೋರುವ ಒಂದೇ ಸರಕು, ಇದೇ ಇಂದಿನ ಪೇಟೆಯ ಗುಟ್ಟು.

ಎರಡು ಆಕ್ಷೇಪ

ಮೊದಲನೆಯದು: ದೊಡ್ಡ ಅಂಗಡಿ ಅಗ್ಗವಾಗಿ ಕೊಡುತ್ತದೆ, ಬಡವನಿಗೆ ಅಗ್ಗವೇ ಮುಖ್ಯ. ಬಡವನ ಹೆಸರು ಹೇಳುವವರನ್ನು ನಾವು ಚೆನ್ನಾಗಿ ಬಲ್ಲೆವು. ಅಗ್ಗ ಬೇಕು, ನಿಜ. ಆದರೆ ಇಂದಿನ ಅಗ್ಗದ ಬಿಲ್ಲಿನಲ್ಲಿ ಬರೆಯದೆ ಬಿಟ್ಟ ಬಾಬ್ತುಗಳಿವೆ: ವಾಪಸು ಒಯ್ದ ಬುಟ್ಟಿ, ವಿಷ ಕುಡಿದ ದುಂಬಿ, ಸತ್ತ ಬೀಜ, ಜೌಗಿನ ಕಸ. ಒಂದೇ ತಳಿಗೆ ರೋಗ ಬಂದ ದಿನ ಬೆಲೆ ಏರಿದರೆ ಮೊದಲು ಪೆಟ್ಟು ಬೀಳುವುದು ಯಾರ ತಟ್ಟೆಗೆ? ಮಾಲೀಕನ ತಟ್ಟೆಗಲ್ಲ.

ಎರಡನೆಯದು: ಗಿರಾಕಿಯೇ ಹೊಳೆಯುವ ಕಾಯಿ ಕೇಳುತ್ತಾನೆ. ಸ್ವಾಮಿ, ಗಿರಾಕಿಗೆ ನೀವು ತೋರಿಸಿದ್ದು ಅದೊಂದೇ. ತೋರಿಸದೆ ಇದ್ದದ್ದನ್ನು ಅವನು ಹೇಗೆ ಕೇಳಿಯಾನು? ಮೈಸೂರಿನವನು ಈರನಗೆರೆ ಬದನೆ ಕೇಳುತ್ತಾನೆ. ವೇಲೂರಿನವನು ಇಲವಂಪಾಡಿಯ ಮುಳ್ಳುಬದನೆ ಕೇಳುತ್ತಾನೆ; ಅದಕ್ಕೂ ೨೦೨೩ರಲ್ಲಿ ಭೌಗೋಳಿಕ ಸೂಚಕ ಬಂತು. ನಾಲಿಗೆಗೆ ಇನ್ನೂ ನೆನಪಿದೆ. ಅಂಗಡಿಯ ಕಪಾಟಿನಲ್ಲಿ ಜಾಗವಿಲ್ಲ.

ಅಂಗಡಿಯ ಒಳಗಿರುವ ನಮ್ಮ ಅಕ್ಕತಂಗಿಯರನ್ನೂ ಮರೆಯಬೇಡಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕಾಗಿದ್ದ ಅವರಿಗೆ ಕೂರಲು ಆಸನ ಕೊಡಬೇಕೆಂದು ತಮಿಳುನಾಡು ೨೦೨೧ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಮನುಷ್ಯರಿಗೆ ಒಂದು ಸ್ಟೂಲು ಕೊಡಲು ಕಾನೂನು ಬೇಕಾದ ಕಡೆ ಸೊಟ್ಟ ಬದನೆಗೆ ಜಾಗ ಹೇಗೆ ಸಿಕ್ಕೀತು? ಮನುಷ್ಯರನ್ನೂ ಕಾಯಿಯನ್ನೂ ಅಳೆಯುವ ಕೋಲು ಒಂದೇ.

ಕೂಲಿ ಇಲ್ಲದ ಕಾವಲುಗಾರರು

ತಳಿ ಕಾಯುವವರು ಇನ್ನೂ ಇದ್ದಾರೆ ಎಂಬುದೇ ನಮಗೆ ಧೈರ್ಯ. ತಿರುತ್ತುರೈಪೂಂಡಿಯ ಹತ್ತಿರದ ಆದಿರಂಗಂ ಎಂಬ ಹಳ್ಳಿಯಲ್ಲಿ ನೆಲ್ ಜಯರಾಮನ್ ೨೦೦೬ರಿಂದ ಬೀಜದ ಜಾತ್ರೆ ನಡೆಸಿದರು. ಅವರ ಒಪ್ಪಂದ ಬಹು ಸರಳ: ಎರಡು ಕಿಲೋ ಬೀಜ ಒಯ್ಯಿ, ಬೆಳೆದು ಮರುವರ್ಷ ನಾಲ್ಕು ಕಿಲೋ ತಂದುಕೊಡು. ಹೀಗೆ ನೂರೈವತ್ತಕ್ಕೂ ಹೆಚ್ಚು ಹಳೆಯ ಭತ್ತದ ತಳಿಗಳು ಮತ್ತೆ ಹೊಲ ಕಂಡವು. ೨೦೧೮ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕನ್ನಡದ ಕಾಸರಗೋಡಿನಲ್ಲಿ ಸತ್ಯನಾರಾಯಣ ಬೇಳೇರಿಯವರು ೬೫೦ಕ್ಕೂ ಹೆಚ್ಚು ಭತ್ತದ ತಳಿ ಕಾಯ್ದಿದ್ದಾರೆ. ೨೦೨೪ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತ, ನೂರಾರು ಮಾವು ಉಳಿಸಿಕೊಂಡಿದ್ದಾರೆ. ಪದಕ ಒಳ್ಳೆಯದು. ಆದರೆ ಪದಕದಿಂದ ಗದ್ದೆ ಉಳುವುದಕ್ಕಾಗುವುದಿಲ್ಲ. ಇವರ ಬೀಜದ ಮೇಲೆ ನಾಳೆಯ ವ್ಯಾಪಾರ ನಿಂತಿದೆ ಎಂದಾದರೆ ಇವರ ಕೂಲಿಯನ್ನು ವ್ಯಾಪಾರವೇ ಕೊಡಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು:

ಒಂದು: ದೊಡ್ಡ ಅಂಗಡಿಗಳು ತರಕಾರಿ, ಹಣ್ಣು, ಧಾನ್ಯದ ವ್ಯಾಪಾರದ ಮೇಲೆ ಒಂದು ಪಾಲನ್ನು ಜೀವವೈವಿಧ್ಯ ನಿಧಿಗೆ ಕೊಡಬೇಕು. ಅದು ಪಂಚಾಯಿತಿಯ ಸಮಿತಿಗಳ ಮೂಲಕ ತಳಿ ಕಾಯುವ ರೈತರ ಕೈ ಸೇರಬೇಕು. ಸರಕು ಎಂಬ ಹೆಸರಿನಲ್ಲಿ ತಪ್ಪಿಸಿಕೊಳ್ಳುವ ಕಿಂಡಿ ಮುಚ್ಚಬೇಕು.

ಎರಡು: ಸಂಗ್ರಹ ಕೇಂದ್ರದವರು ಒಂದು ಹೊಲದ ಬೆಳೆಯನ್ನು ಕೊಂಡರೆ ಎಲ್ಲ ದರ್ಜೆಯನ್ನೂ ಕೊಳ್ಳಬೇಕು. ತಿರಸ್ಕರಿಸಿದ ಸರಕಿನ ಸಾಗಣೆ ಖರ್ಚು ಅವರದೇ ಆಗಬೇಕು.

ಮೂರು: ನಮ್ಮ ಹೋಟೆಲು ಮಾಲೀಕರು ಉಡುಪಿ, ಮೈಸೂರು ಎಂದು ಬೋರ್ಡು ಬರೆಸಿ ವ್ಯಾಪಾರ ಮಾಡುತ್ತಾರೆ. ಆ ಊರಿನ ಹೆಸರಿಗೆ ಬೆಲೆ ಇದ್ದರೆ ಆ ಊರಿನ ಗುಳ್ಳಕ್ಕೂ ಅಕ್ಕಿಗೂ ಬೆಲೆ ಇರಲಿ. ಋತುವಿನಲ್ಲಿ ವಾರಕ್ಕೊಮ್ಮೆಯಾದರೂ ಬೆಳೆಗಾರರ ಸಂಘದಿಂದಲೇ ನೇರವಾಗಿ ತರಿಸಬೇಕು.

ನಾಲ್ಕು: ೧೯೯೯ರಲ್ಲಿ ಮದುರೆಯಲ್ಲಿ ಆರಂಭವಾದ ಉಳವರ್ ಸಂದೈಯಂಥ ರೈತರ ಸಂತೆಗಳು ಕಾರ್ಮಿಕರು ವಾಸಿಸುವ ಪ್ರತಿಯೊಂದು ಪೇಟೆಯಲ್ಲೂ ಬೇಕು.

ಐದನೆಯದು ಸರ್ಕಾರದ ಮೇಲಲ್ಲ, ನಮ್ಮ ಮೇಲೆಯೇ. ೧೯೦೪ರಲ್ಲಿ ತಿರುವಲ್ಲಿಕ್ಕೇಣಿಯ ಜನ ಕೂಡಿ ಸಹಕಾರಿ ಅಂಗಡಿ ಕಟ್ಟಿದರು. ೧೯೫೯ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಳೆಯುವವರೂ ತಿನ್ನುವವರೂ ಕೂಡಿದರೆ ನಡುವಿನ ಕಂಪೆನಿ ಇಲ್ಲದೆಯೂ ಅಂಗಡಿ ನಡೆದೀತು ಎಂಬುದಕ್ಕೆ ಇವೆರಡೇ ಸಾಕ್ಷಿ ಸಾಲದೇ? ಕೋಣೆ ಹಂಚಿಕೊಂಡು ಅಡಿಗೆ ಮಾಡಿಕೊಳ್ಳುವ ನಮ್ಮ ಹುಡುಗರು ತಿಂಗಳ ದಿನಸಿಯನ್ನು ಒಟ್ಟಾಗಿ ಕೊಳ್ಳಲಿ. ಅದರಲ್ಲಿ ಒಂದು ಮೂಟೆ ನಮ್ಮೂರಿನ ಹಳೆಯ ತಳಿಯ ಅಕ್ಕಿಯದಾಗಿರಲಿ. ರಜೆಗೆ ಊರಿಗೆ ಹೋದವರು ಮನೆಯ ಹಿರಿಯರನ್ನು ಕೇಳಿ ಉಳಿದಿರುವ ಬೀಜಗಳ ಹೆಸರು ಬರೆಸಿಕೊಂಡು ಬರಲಿ. ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಅವು ಬರೆದಿವೆಯೇ ಎಂದು ವಿಚಾರಿಸಲಿ. ಬರೆದಿಲ್ಲವಾದರೆ ಬರೆಸಲಿ.

ಬಂಧುಗಳೇ, ಒಬ್ಬ ಕಾರ್ಮಿಕನನ್ನು ಧಣಿ ಸುಲಭವಾಗಿ ತೆಗೆದುಹಾಕುತ್ತಾನೆ. ನೂರು ಜನ ಕೂಡಿ ನಿಂತರೆ ತಡವರಿಸುತ್ತಾನೆ. ಇದನ್ನು ನಮಗೆ ಪೆರಂಬೂರಿನ ಗಿರಣಿಯವರು ನೂರು ವರ್ಷಗಳ ಹಿಂದೆಯೇ ಕಲಿಸಿದರು. ಹೊಲದಲ್ಲಿಯೂ ಅದೇ ನ್ಯಾಯ. ಒಂಟಿ ತಳಿಯನ್ನು ರೋಗ ಒಂದು ಹಂಗಾಮಿನಲ್ಲಿ ಮುಗಿಸುತ್ತದೆ. ನೂರು ತಳಿಗಳ ಮುಂದೆ ಸೋತು ಹಿಂದಿರುಗುತ್ತದೆ. ಧಣಿಗೆ ನಾವು ಒಂಟಿಯಾಗಿರಬೇಕು, ಅಂಗಡಿಗೆ ಬೆಳೆ ಒಂಟಿಯಾಗಿರಬೇಕು. ಎರಡನ್ನೂ ಒಪ್ಪಬೇಡಿ. ಸಂಘಕ್ಕೆ ಚಂದಾ ಕೊಡುವ ಕೈಯಿಂದಲೇ ಬೀಜಕ್ಕೂ ಒಂದು ಕಾಸು ತೆಗೆದಿಡಿ. ತರಮಣಿಯ ಕಚೇರಿಗೆ ನಾವು ಸಲ್ಲಿಸುವ ಮನವಿಗೆ ನಿಮ್ಮ ನಿಮ್ಮ ಹೋಟೆಲಿನಲ್ಲಿ, ನಿಮ್ಮ ನಿಮ್ಮ ಬೀದಿಯಲ್ಲಿ ಸಹಿ ಕೂಡಿಸಿ ಕಳುಹಿಸಿ.